ಮೆಣಸಿನ ಬಳ್ಳಿ ಕಲಿಸಿದ ಲ್ಯಾಟಿನ್

‘ಗ್ರೀಕ್, ಲ್ಯಾಟಿನ್ ಸತ್ತ ಭಾಷೆಗಳು, ಕಾಲೇಜಿನಲ್ಲಿ ಅವನ್ನು ಓದಿ ಏನು ಪ್ರಯೋಜನ?’ ಎಂದು ನಿಮ್ಮಲ್ಲಿ ಬಂದ ಲೇಖನವೊಂದರಲ್ಲಿ ಲೇಖಕರು ಕೇಳಿದ್ದಾರೆ. ನಾನು ಒಪ್ಪುವುದಿಲ್ಲ ಸರ್. ನಾನು ಮೂಡಿಗೆರೆ ಕಡೆಯವಳು, ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ತೋಟದಲ್ಲಿ ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ಪಕ್ಕದಲ್ಲೇ ಕಾಫಿ ಗಿಡ. ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರಿನಲ್ಲಿ ಮೆಣಸು ಪೈಪರ್ ನೈಗ್ರಮ್, ಕಾಫಿ ಕಾಫಿಯಾ ಅರೇಬಿಕಾ. ಅಲ್ಲಿ ಕೊನೆಗೆ ‘ಅಮ್’, ಇಲ್ಲಿ ‘ಆ’ ಯಾಕೆ ಎಂದು ಬಿ.ಎಸ್ಸಿ.ಯಲ್ಲಿ ಯಾರೂ ಹೇಳಲಿಲ್ಲ, ಉರು ಹೊಡೆದು ಪಾಸಾದೆವು. ಎಷ್ಟೋ ವರ್ಷದ ಮೇಲೆ ನಾನೇ ಲ್ಯಾಟಿನ್ ವ್ಯಾಕರಣ ಹಿಡಿದು ಕೂತಾಗ ಗೊತ್ತಾಯಿತು: ಪೈಪರ್ ನಪುಂಸಕಲಿಂಗ, ಕಾಫಿಯಾ ಸ್ತ್ರೀಲಿಂಗ. ಸಂಸ್ಕೃತದ ಹಾಗೆಯೇ ವಿಶೇಷಣವೂ ನಾಮಪದದ ಲಿಂಗವನ್ನೇ ಹಿಡಿಯುತ್ತದೆ. ಆ ‘ಪೈಪರ್’ ಬಂದದ್ದು ಗ್ರೀಕಿನ ‘ಪೆಪೆರಿ’ಯಿಂದ, ಅದು ನಮ್ಮ ‘ಪಿಪ್ಪಲಿ’ಯಿಂದ! ಅವತ್ತು ಸಂಜೆ ತೋಟಕ್ಕೆ ಹೋಗಿ, ಮೆಣಸಿನ ಕರೆ (ಕಾಳಿನ ಗೊಂಚಲು) ಹಿಡಿದು ನೋಡುತ್ತಾ ಸುಮಾರು ಹೊತ್ತು ನಿಂತಿದ್ದೆ.

2011ರ ಕೊನೆಯವರೆಗೂ ಹೊಸ ಸಸ್ಯಕ್ಕೆ ಹೆಸರಿಡಬೇಕಾದರೆ ಲ್ಯಾಟಿನ್ನಿನಲ್ಲೇ ವಿವರಣೆ ಬರೆಯಬೇಕಿತ್ತು.

ಸಾಹಿತ್ಯದ ಮಾತಿಗೆ ಬಂದರೆ, ಬಿ.ಎಂ.ಶ್ರೀಯವರು ಪ್ರಾಚೀನ ಗ್ರೀಕ್ ನಾಟಕಕಾರ ಸಾಫೊಕ್ಲಿಸನ ನಾಟಕವನ್ನು ಮುಂದಿಟ್ಟುಕೊಂಡು 1929ರಲ್ಲಿ ‘ಅಶ್ವತ್ಥಾಮನ್’ ಬರೆದರು, ಅದೂ ಹಳಗನ್ನಡದಲ್ಲಿ. ಎರಡು ಹಳೆಯ ಭಾಷೆಗಳ ಒಡನಾಟವಿಲ್ಲದೆ ಅಂಥ ಕೃತಿ ಹುಟ್ಟುತ್ತಿತ್ತೇ? ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಪಕ್ಕದ ಬೇಲೂರು ತಾಲ್ಲೂಕಿನಲ್ಲೇ. ಅದನ್ನು ಸಾಲು ಸಾಲಾಗಿ ಓದಬಲ್ಲ ಪದವಿ ವಿದ್ಯಾರ್ಥಿಗಳು ನನಗೆ ಸಿಕ್ಕಿಲ್ಲ, ಇದು ನಿಜಕ್ಕೂ ಸಂಕಟದ ವಿಷಯ. ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಹಳಗನ್ನಡದ ಜೊತೆ ಲ್ಯಾಟಿನ್ನಿಗೂ ಒಂದು ಐಚ್ಛಿಕ ಪತ್ರಿಕೆ ಇಡಲಿ. ಐದೇ ಮಕ್ಕಳು ಸೇರಿದರೂ ಸಾಕು, ಸಸ್ಯಗಳ ಹೆಸರಿನ ಪಾಠ ನಾನು ಮಾಡುತ್ತೇನೆ.