ಹಿತ್ತಲಿನಲ್ಲಿ ಹಕ್ಕಿಗಳಿಗೊಂದು ನೀರಿನ ಬೋಗುಣಿ: ಇಡಬೇಕೇ, ಬೇಡವೇ?

ಬಿಸಿಲು ಏರತೊಡಗಿದೊಡನೆ ಹಕ್ಕಿಗಳಿಗೆ ನೀರಿಡಿ ಎಂಬ ಕರೆ ಎಲ್ಲ ಕಡೆಯಿಂದಲೂ ಕೇಳಿಬರುತ್ತದೆ. ಆ ಕರೆಯ ಹಿಂದಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಇಟ್ಟ ನೀರು ಮೂರನೆಯ ದಿನಕ್ಕೆ ಏನಾಗುತ್ತದೆ, ಹತ್ತನೆಯ ದಿನಕ್ಕೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಹಿತ್ತಲಿನಲ್ಲಿ ನೀರಿನ ಬೋಗುಣಿ ಇಡಬೇಕೇ ಬೇಡವೇ ಎಂದು ಬಹಳ ಯೋಚಿಸಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಬೋಗುಣಿಯನ್ನು ಉಜ್ಜಿ ತೊಳೆದು ಒಣಗಿಸುವ ಕೆಲಸವನ್ನು ತಪ್ಪದೆ ಮಾಡಬಲ್ಲವರು ಮಾತ್ರ ಅದನ್ನು ಇಡಬೇಕು, ಆಗದವರು ಇಡದಿರುವುದೇ ಹಕ್ಕಿಗಳಿಗೆ ಒಳ್ಳೆಯದು.

ನೀರಿನ ಅಗತ್ಯದ ಬಗ್ಗೆ ನನಗೆ ಅನುಮಾನವಿಲ್ಲ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಿಸಿಲು ಹೆಚ್ಚಾದಾಗ ಅವು ಕೊಕ್ಕು ತೆರೆದು ಏದುಸಿರು ಬಿಡುತ್ತವೆ, ಕೆಲವು ಜಾತಿಯವು ಗಂಟಲಿನ ಚರ್ಮವನ್ನು ವೇಗವಾಗಿ ಅದುರಿಸುತ್ತವೆ, ಹೀಗೆ ಒಳಗಿನ ತೇವವನ್ನು ಆವಿಯಾಗಿಸಿ ಮೈ ತಂಪು ಮಾಡಿಕೊಳ್ಳುತ್ತವೆ. ಆವಿಯಾಗಿ ಹೋದ ನೀರನ್ನು ಎಲ್ಲಿಂದಲಾದರೂ ತುಂಬಿಕೊಳ್ಳಲೇಬೇಕು. ಹುಳು, ಹಣ್ಣು, ಮಕರಂದ ತಿನ್ನುವ ಹಕ್ಕಿಗಳಿಗೆ ಆಹಾರದಲ್ಲೇ ಸಾಕಷ್ಟು ನೀರು ಸಿಗುತ್ತದೆ. ಒಣ ಕಾಳು ತಿನ್ನುವ ಗುಬ್ಬಚ್ಚಿ, ಪಾರಿವಾಳ, ಬೆಳವಗಳಿಗೆ ಆ ಅನುಕೂಲವಿಲ್ಲ, ಆದ್ದರಿಂದ ಅವು ನೀರಿನ ಬಳಿಗೆ ಮತ್ತೆ ಮತ್ತೆ ಬರುತ್ತವೆ. ಕುಡಿಯುವುದರಷ್ಟೇ ಮುಖ್ಯವಾದದ್ದು ಮೀಯುವುದು. ನೀರು ಗರಿಗಳ ನಡುವಿನ ಧೂಳನ್ನು ಸಡಿಲಿಸುತ್ತದೆ. ಮಿಂದ ಹಕ್ಕಿ ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ತೆಗೆದು ಗರಿಗಳಿಗೆಲ್ಲ ಸವರಿ, ಒಂದೊಂದನ್ನೂ ತಿದ್ದಿ ಕೂರಿಸಿಕೊಳ್ಳುತ್ತದೆ. ಹಾರಾಟವೂ ಮೈಯ ಶಾಖದ ರಕ್ಷಣೆಯೂ ಗರಿಗಳ ಸ್ಥಿತಿಯನ್ನೇ ಅವಲಂಬಿಸಿರುವಾಗ ಇದನ್ನು ಬರೀ ಆಟವೆಂದು ಕಾಣುವುದು ಸರಿಯಲ್ಲ.

ಹಾಗಿದ್ದರೂ, ನಾವು ನೀರಿಡದಿದ್ದರೆ ಹಕ್ಕಿಗಳು ಸತ್ತೇಹೋಗುತ್ತವೆ ಎಂಬ ಮಾತು ಬಹುಮಟ್ಟಿಗೆ ಅತಿಶಯೋಕ್ತಿ. ಅವಕ್ಕೆ ರೆಕ್ಕೆಗಳಿವೆ, ಒಂದು ಕಡೆ ನೀರು ಒಣಗಿದರೆ ಇನ್ನೊಂದು ಕಡೆಗೆ ಹೋಗುತ್ತವೆ. ಸುತ್ತಲಿನ ನೆಲವೆಲ್ಲ ಕಾಂಕ್ರೀಟಿನಡಿ ಮುಚ್ಚಿಹೋಗಿ ಹೊಂಡಗಳೂ ಕಾಲುವೆಗಳೂ ಇಲ್ಲವಾಗಿರುವಲ್ಲಿ, ಅದರಲ್ಲೂ ಬಿಸಿಗಾಳಿಯ ದಿನಗಳಲ್ಲಿ, ನಮ್ಮ ಬೋಗುಣಿಗೆ ನಿಜವಾದ ಬೆಲೆಯಿದೆ. ಹತ್ತಿರದಲ್ಲೇ ಕೆರೆಯೋ ತೊರೆಯೋ ಇದ್ದರೆ ಬೋಗುಣಿಯಿಂದ ಹಕ್ಕಿಗಳಿಗಿಂತ ನೋಡುವ ನಮಗೇ ಹೆಚ್ಚು ಸಂತೋಷ. ಆ ಸಂತೋಷವನ್ನು ಬಯಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಸಂತೋಷಕ್ಕಾಗಿ ಇಡುವ ನೀರು ಅವುಗಳ ಜೀವಕ್ಕೆ ಎರವಾಗದಂತೆ ನೋಡಿಕೊಳ್ಳುವ ಹೊಣೆ ಆಗ ಇನ್ನೂ ಹೆಚ್ಚುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ರೋಗದ ವಿಷಯ. ಪಾರಿವಾಳ ಮತ್ತು ಬೆಳವಗಳ ಗಂಟಲಿನಲ್ಲಿ ಬಹಳ ಹಿಂದಿನಿಂದಲೂ ಕಂಡುಬರುವ ಟ್ರೈಕೊಮೊನಾಸ್ ಎಂಬ ಏಕಕೋಶ ಪರಾವಲಂಬಿಯೊಂದಿದೆ. 2005ರಲ್ಲಿ ಅದು ಬ್ರಿಟನ್ನಿನ ಫಿಂಚ್ ಹಕ್ಕಿಗಳಲ್ಲಿ ರೋಗವಾಗಿ ಕಾಣಿಸಿಕೊಂಡಿತು, ಮರುವರ್ಷವೇ ವ್ಯಾಪಕವಾಗಿ ಹರಡಿತು. ಅಲ್ಲಿನ ತೋಟಗಳಲ್ಲಿ ಸರ್ವೇಸಾಮಾನ್ಯವಾಗಿದ್ದ ಗ್ರೀನ್‌ಫಿಂಚ್ ಎಷ್ಟು ಕುಸಿಯಿತೆಂದರೆ 2021ರಲ್ಲಿ ಅದನ್ನು ಆ ದೇಶದ ಕಾಳಜಿಯ ಹಕ್ಕಿಗಳ ಕೆಂಪು ಪಟ್ಟಿಗೆ ಸೇರಿಸಬೇಕಾಯಿತು. ಈ ಪರಾವಲಂಬಿ ಗಂಟಲಿನಲ್ಲಿ ಹುಣ್ಣು ಮಾಡುತ್ತದೆ, ಹಕ್ಕಿಗೆ ನುಂಗಲಾಗುವುದಿಲ್ಲ. ಬಾಯಿಗೆ ತೆಗೆದುಕೊಂಡ ಕಾಳು ಮತ್ತು ನೀರು ಜೊಲ್ಲಿನೊಡನೆ ಮತ್ತೆ ಹೊರಗೆ ಬೀಳುತ್ತವೆ, ಅದನ್ನು ಮುಂದಿನ ಹಕ್ಕಿ ಕುಡಿಯುತ್ತದೆ. ಹಾರಲು ಶಕ್ತಿಯಿಲ್ಲದೆ, ಗರಿ ಉಬ್ಬಿಸಿಕೊಂಡು, ಉಳಿದವು ಹೋದ ಮೇಲೂ ನೀರಿನ ಬಳಿಯೇ ಕುಳಿತಿರುವ ಹಕ್ಕಿಯನ್ನು ಸಲುಗೆಯ ಹಕ್ಕಿ ಎಂದು ನಾವು ಮೆಚ್ಚಿಕೊಳ್ಳುತ್ತೇವೆ. ಅನೇಕ ಸಲ ಅದು ಕಾಯಿಲೆ ಬಿದ್ದ ಹಕ್ಕಿ. ಇದರ ಜೊತೆಗೆ ಹಿಕ್ಕೆಯ ಮೂಲಕ ಹರಡುವ ಸಾಲ್ಮೊನೆಲ್ಲಾ ಸೋಂಕೂ ಇದೆ. ಬಯಲಿನಲ್ಲಿ ಚದುರಿ ನೀರು ಕುಡಿಯುವ ಜೀವಿಗಳನ್ನು ಒಂದು ಸಣ್ಣ ಪಾತ್ರೆಯ ಸುತ್ತ ದಿನವೂ ಒಟ್ಟುಗೂಡಿಸುತ್ತಿರುವವರು ನಾವೇ ಎಂಬುದನ್ನು ಮರೆಯಬಾರದು.

ಇಲ್ಲೇ ಒಂದು ಆಶಾದಾಯಕ ಸಂಗತಿಯೂ ಇದೆ. ಟ್ರೈಕೊಮೊನಾಸ್ ಒಣಗಿದ ಮೇಲೆ ಹೆಚ್ಚು ಹೊತ್ತು ಬದುಕಲಾರದು. ಆದ್ದರಿಂದ ತೊಳೆಯುವುದರಷ್ಟೇ ಮುಖ್ಯವಾದದ್ದು ಪೂರ್ತಿ ಒಣಗಿಸುವುದು, ಮತ್ತು ಈ ಒಂದು ಸಂಗತಿಯಿಂದಲೇ ಪಾತ್ರೆಯ ಆಯ್ಕೆಯೂ ತೀರ್ಮಾನವಾಗುತ್ತದೆ ಎಂದು ನನಗನ್ನಿಸಿತು. ಕಂಬದ ಮೇಲೆ ಕೂರಿಸಿದ ಭಾರವಾದ ಕಲ್ಲಿನ ತೊಟ್ಟಿ ನೋಡಲು ಚೆಂದ. ಆದರೆ ಅದನ್ನು ಎತ್ತಿ ಬಗ್ಗಿಸಲಾಗುವುದಿಲ್ಲ, ತಳದ ನೀರನ್ನು ತೋಡಿ ತೆಗೆಯಬೇಕು, ಹಾಗಾಗಿ ಕೆಲವೇ ವಾರಗಳಲ್ಲಿ ಬೇಸರ ಬಂದು ಪಾಚಿ ಬೆಳೆಯುತ್ತದೆ. ಒಬ್ಬರೇ ಸುಲಭವಾಗಿ ಎತ್ತಬಲ್ಲ ಎರಡು ಅಗಲವಾದ ಬೋಗುಣಿಗಳನ್ನು ಇಟ್ಟುಕೊಂಡು, ಒಂದರಲ್ಲಿ ನೀರಿರುವಾಗ ಇನ್ನೊಂದನ್ನು ಉಜ್ಜಿ ಬಿಸಿಲಿಗೆ ಒಣಗಹಾಕುವ ಪದ್ಧತಿಯೇ ನನಗೆ ಅತ್ಯಂತ ವಿವೇಕದ್ದೆನಿಸುತ್ತದೆ. ಸೋಪಿನ ಅಂಶ ಗರಿಯ ಎಣ್ಣೆಯನ್ನು ತೆಗೆದುಬಿಡುವುದರಿಂದ ದಿನನಿತ್ಯಕ್ಕೆ ಬರೀ ನೀರು ಮತ್ತು ಗಟ್ಟಿ ಬ್ರಷ್ ಸಾಕು. ಆಗಾಗ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ವಾಸನೆ ಹೋಗುವವರೆಗೆ ಜಾಲಾಡಿ ಒಣಗಿಸಬಹುದು.

ಸೊಳ್ಳೆಯ ಆಕ್ಷೇಪಣೆಯನ್ನು ಅಕ್ಕಪಕ್ಕದವರು ಎತ್ತಿದರೆ ಅವರ ಮೇಲೆ ಸಿಟ್ಟಾಗಬಾರದು, ಏಕೆಂದರೆ ಅದು ನ್ಯಾಯವಾದ ಆಕ್ಷೇಪಣೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲೂ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ. ಹೀಗಾಗಿ ಹಳೆಯ ನೀರು ಚೆಲ್ಲಿ ಹೊಸದನ್ನು ತುಂಬಿದರಷ್ಟೇ ಸಾಲದು, ಒಳಗೋಡೆಯನ್ನು ಉಜ್ಜಲೇಬೇಕು. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯೊಡೆದ ಮರಿ ಸೊಳ್ಳೆಯಾಗಿ ಹಾರಲು ಒಂದು ವಾರದ ಆಸುಪಾಸಿನ ಕಾಲ ಬೇಕು. ದಿನ ಬಿಟ್ಟು ದಿನ ಉಜ್ಜಿ ನೀರು ಬದಲಿಸುವ ಮನೆಯಲ್ಲಿ ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಸೊಳ್ಳೆಮರಿಯನ್ನು ಕೊಲ್ಲುವ ಬಿಟಿಐ ಎಂಬ ಬ್ಯಾಕ್ಟೀರಿಯಾದ ಬಿಲ್ಲೆಗಳು ಸಿಗುತ್ತವೆ, ಅವು ಹಕ್ಕಿಗಳಿಗೆ ಹಾನಿ ಮಾಡುವುದಿಲ್ಲ. ಆದರೂ ನಾನು ಅವನ್ನು ನೆಚ್ಚಿಕೊಳ್ಳುವುದಿಲ್ಲ, ಏಕೆಂದರೆ ಸೊಳ್ಳೆಯ ಭಯ ಹೋದೊಡನೆ ತೊಳೆಯುವ ಶ್ರದ್ಧೆಯೂ ಹೋಗುತ್ತದೆ, ಹಿಕ್ಕೆ ಮಾತ್ರ ನೀರಿನಲ್ಲೇ ಉಳಿಯುತ್ತದೆ.

ಹೊರಗೆ ಅಡ್ಡಾಡುವ ಬೆಕ್ಕನ್ನು ಸಾಕಿರುವವರು ನೀರಿಡುವ ಯೋಚನೆಯನ್ನೇ ಬಿಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿಯಷ್ಟು ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರ ಅಧ್ಯಯನವೊಂದು ಅಂದಾಜು ಮಾಡಿತ್ತು. ಮಿಂದು ಗರಿ ತೊಯ್ದ ಹಕ್ಕಿ ಚುರುಕಾಗಿ ಏಳಲಾರದು. ನೆರೆಯವರ ಬೆಕ್ಕು ಬರುವುದಾದರೆ ಬೋಗುಣಿಯನ್ನು ಪೊದೆಗಳಿಂದ ಎರಡು ಮೂರು ಮೀಟರ್ ದೂರಕ್ಕೆ ಸರಿಸಿ, ಎತ್ತರದಲ್ಲಿಟ್ಟು, ಹಾರಿ ಕೂರಲು ಸಮೀಪದಲ್ಲೊಂದು ಕೊಂಬೆ ಇರುವಂತೆ ನೋಡಿಕೊಳ್ಳಬೇಕು. ದೊಡ್ಡ ಗಾಜಿನ ಕಿಟಕಿಯ ವಿಷಯದಲ್ಲೂ ಎಚ್ಚರ ಬೇಕು: ಒಂದೋ ಅದರಿಂದ ಒಂದು ಮೀಟರಿನೊಳಗೆ, ಇಲ್ಲವೇ ಹತ್ತು ಮೀಟರಿನಾಚೆ. ನಡುವಿನ ದೂರದಿಂದ ಗಾಬರಿಯಲ್ಲಿ ಎದ್ದ ಹಕ್ಕಿ ಪೂರ್ಣ ವೇಗದಲ್ಲಿ ಗಾಜಿಗೆ ಬಡಿಯುತ್ತದೆ.

ಬೋಗುಣಿ ಆಳವಾಗಿರಬಾರದು. ಅಂಚಿನಲ್ಲಿ ಎರಡು ಮೂರು ಸೆಂಟಿಮೀಟರ್, ನಡುವೆ ಐದು ಸೆಂಟಿಮೀಟರ್ ನೀರು ಸಣ್ಣ ಹಕ್ಕಿಗಳಿಗೆ ಧಾರಾಳ. ತಳ ಒರಟಾಗಿರಬೇಕು, ನುಣುಪಾದ ಪಿಂಗಾಣಿಯ ಮೇಲೆ ಕಾಲು ನಿಲ್ಲುವುದಿಲ್ಲ. ನೀರಿನಿಂದ ಮೇಲಕ್ಕೆ ಚಾಚುವ ಒಂದೆರಡು ಕಲ್ಲುಗಳನ್ನಿಟ್ಟರೆ ಜೇನುನೊಣಗಳೂ ಮುಳುಗದೆ ಕುಡಿಯುತ್ತವೆ. ಲೋಹದ ಪಾತ್ರೆ ಬಿಸಿಲಿಗೆ ಕಾಯುತ್ತದೆ, ಬೇಡ. ನೀರು ಹೆಪ್ಪುಗಟ್ಟುವ ಚಳಿಯಿರುವ ಕಡೆ ಉಪ್ಪನ್ನಾಗಲಿ ಹೆಪ್ಪುನಿರೋಧಕ ರಾಸಾಯನಿಕವನ್ನಾಗಲಿ ಎಂದಿಗೂ ಬೆರೆಸಬಾರದು.

ಇಷ್ಟನ್ನೂ ತೂಗಿ ನೋಡಿ ನಾನು ಇಡುವುದೆಂದೇ ತೀರ್ಮಾನಿಸಿದ್ದೇನೆ. ಮನೆಯವರೆಲ್ಲ ಮೊದಲೇ ಒಪ್ಪಿಕೊಂಡಿರುವ ಷರತ್ತುಗಳು ಎರಡು. ಊರಿಗೆ ಹೋಗುವಾಗ, ಅಥವಾ ಯಾವ ಕಾರಣಕ್ಕಾದರೂ ಉಜ್ಜಲಾಗದ ದಿನಗಳಲ್ಲಿ, ಎರಡೂ ಬೋಗುಣಿಗಳನ್ನು ಖಾಲಿ ಮಾಡಿ ಮಗುಚಿಡುವುದು. ನಂಬಿ ಬಂದ ಹಕ್ಕಿಗಳಿಗೆ ಮೋಸವಾಯಿತೆಂದು ಕೊರಗುತ್ತಾ ಕೊಳೆತ ನೀರನ್ನು ಉಳಿಸಿ ಹೋಗುವುದು ಬೇಡ. ಕಾಯಿಲೆ ಬಿದ್ದಂತೆ ಕಾಣುವ ಹಕ್ಕಿಯೊಂದು ಬಂದರೂ ಅಂದೇ ನೀರು ತೆಗೆದು, ತೊಳೆದು, ಕನಿಷ್ಠ ಎರಡು ವಾರ ಹಾಗೆಯೇ ಬಿಟ್ಟು, ನೀರಿಡುವ ನೆರೆಹೊರೆಯವರಿಗೂ ತಿಳಿಸುವುದು. ಈಗಾಗಲೇ ದೊಡ್ಡ ಕಲ್ಲಿನ ತೊಟ್ಟಿಯನ್ನು ನೆಲಕ್ಕೆ ಭದ್ರಪಡಿಸಿಕೊಂಡಿರುವ ಓದುಗರು ಅದನ್ನು ಪೂರ್ತಿ ಒಣಗಿಸಲು ಯಾವ ಉಪಾಯ ಕಂಡುಕೊಂಡಿದ್ದಾರೆ ಎಂಬುದನ್ನು ದಯವಿಟ್ಟು ಬರೆಯಬೇಕು. ಹಾಗೆ ತೊಟ್ಟಿ ಕಟ್ಟಿಸಿ ಈಗ ಇಕ್ಕಟ್ಟಿನಲ್ಲಿರುವ ಗೆಳೆಯರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.