ಮೊದಲು ಆ 'ಕ್ವಯಟ್ ಸ್ಪ್ಲ್ಯಾಶ್' ಅಳಿಸ್ರಪ್ಪಾ

ಇವತ್ತು ತಮ್ಮನ ಮಗಳ ಲ್ಯಾಪ್‌ಟಾಪನ್ನ ರಿಪೇರಿ ಅಂಗಡಿಯಿಂದ ಬಿಡಿಸ್ಕೊಂಡು ಬಂದೆ. ಅದರಲ್ಲಿರೋ ಲಿನಕ್ಸ್ ಓಎಸ್ ಉಬುಂಟು ಅಪ್‌ಡೇಟ್ ಆದ್ಮೇಲೆ ಬೂಟ್ ಆಗ್ತಿರ್ಲಿಲ್ಲ. ನಾನು ಹೋದಾಗ ಅಂಗಡಿಯಾತ ಪೆನ್‌ಡ್ರೈವ್ ಹಿಡ್ಕೊಂಡೇ ನಿಂತಿದ್ದ. "ಓಎಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು." ಹೋಗಿದೆ ಅಂದ್ರೆ ಎಲ್ಲಿಗೆ ಹೋಗಿದೆ ಮಾರಾಯ? ಅವಳ ಪ್ರಾಜೆಕ್ಟ್ ಪೂರ್ತಿ ಅದರಲ್ಲೇ ಇದೆ. ಬ್ಯಾಕಪ್ ಇಲ್ಲ (ಆ ಬೈಗುಳ ಬೇರೆ ಬಾಕಿ ಇದೆ).

ಪರದೆ ಮೇಲೆ 'ಲೋಡಿಂಗ್ ಇನಿಶಿಯಲ್ ರ‍್ಯಾಮ್‌ಡಿಸ್ಕ್' ಅಂತ ಒಂದೇ ಸಾಲು. ಇದನ್ನ ಕಂಡವರೆಲ್ಲ ಬೂಟ್ ಹೊತ್ತಲ್ಲಿ ಮೆಮೊರಿಗೆ ತುಂಬೋ ಆ ರ‍್ಯಾಮ್‌ಡಿಸ್ಕ್ ಮೇಲೆ ಹರಿಹಾಯ್ತಾರೆ. ಪಾಪ, ಅದೇನು ಮಾಡಿದೆ? ಆ ಸಾಲು ಗ್ರಬ್ (ಮಷೀನ್ ಆನ್ ಆದಾಗ ಓಎಸ್ ಎಬ್ಬಿಸೋ ಪುಟ್ಟ ಪ್ರೋಗ್ರಾಂ) ಬರೆದದ್ದು. ಅಲ್ಲಿಗೆ ಗ್ರಬ್ ಕೆಲಸ ಮುಗೀತು, ಮುಂದಿನದು ಓಎಸ್‌ನ ತಿರುಳಾದ ಕರ್ನಲ್‌ದು. ಕರ್ನಲ್ ಎಲ್ಲೋ ಸಿಕ್ಕಿಹಾಕ್ಕೊಂಡಿದೆ, ಆದ್ರೆ ಹೇಳೋ ಹಾಗಿಲ್ಲ. ಯಾಕಂದ್ರೆ ಲೋಗೋ ಚೆನ್ನಾಗಿ ಕಾಣ್ಲಿ ಅಂತ ಯಾರೋ ಪುಣ್ಯಾತ್ಮರು ಕರ್ನಲ್ ಸಂದೇಶಗಳನ್ನ ಮುಚ್ಚಿಡೋ 'ಕ್ವಯಟ್ ಸ್ಪ್ಲ್ಯಾಶ್' ಹಾಕಿಟ್ಟಿದ್ದಾರೆ. ರೋಗಿಯ ಬಾಯಿಗೆ ಬಟ್ಟೆ ತುರುಕಿ, ಎಲ್ಲಿ ನೋವು ಅಂತ ಕೇಳಿದ ಹಾಗೆ.

ಗ್ರಬ್ ಮೆನುವಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗೋ ಸಾಲಿಂದ ಆ ಎರಡನ್ನೂ ಅಳಿಸ್ದೆ. ಬದಲಿಗೆ ಎಲ್ಲ ಸಂದೇಶ ತೋರಿಸೋ 'ಇಗ್ನೋರ್_ಲಾಗ್‌ಲೆವೆಲ್', 'ಇನಿಟ್‌ಕಾಲ್_ಡೀಬಗ್', ಜೊತೆಗೆ ಶುರುವಿಂದಲೇ ಅಕ್ಷರ ಕಾಣ್ಲಿ ಅಂತ 'ಅರ್ಲಿಕಾನ್=ಇಎಫ್‌ಐಎಫ್‌ಬಿ'. ಎಫ್10. ಸರಸರ ಸಾಲು ಓಡಿದ್ವು: ಪ್ರತಿ ಡ್ರೈವರ್‌ಗೂ ಒಂದು 'ಕಾಲಿಂಗ್', ಅದು ಮುಗಿದಾಗ ಇಷ್ಟು ಮೈಕ್ರೋಸೆಕೆಂಡ್ ಹಿಡೀತು ಅಂತ ಒಂದು 'ರಿಟರ್ನ್ಡ್'. ಕೊನೇ 'ಕಾಲಿಂಗ್'ಗೆ ಮಾತ್ರ 'ರಿಟರ್ನ್ಡ್' ಬರ್ಲೇ ಇಲ್ಲ. ಟಿಪಿಎಂ ಅನ್ನೋ ಭದ್ರತಾ ಚಿಪ್‌ನ ಡ್ರೈವರ್! ಆ ಸಾಲಲ್ಲಿದ್ದ ಹೆಸರನ್ನ, ಓಡಿಸಬಾರದವುಗಳ ಪಟ್ಟಿಯಾದ 'ಇನಿಟ್‌ಕಾಲ್_ಬ್ಲ್ಯಾಕ್‌ಲಿಸ್ಟ್'ಗೆ ಹಾಕಿದೆ, ಲಾಗಿನ್ ಪರದೆ ಬಂತು. ಇದೂ ಬೇಡ, ಅಡ್ವಾನ್ಸ್ಡ್ ಆಪ್ಶನ್ಸ್‌ನಲ್ಲಿ ಹಳೇ ಕರ್ನಲ್ ಇತ್ತು. ಅದನ್ನಾದ್ರೂ ಒತ್ತಿ ನೋಡೋ ತಾಳ್ಮೆ ಬೇಡ್ವಾ?

ಈಗ ಒಬ್ರು ಬರ್ತಾರೆ, "ಸಾಮಾನ್ಯ ಜನಕ್ಕೆ ಆ ಅಕ್ಷರದ ರಾಶಿ ಭಯ ಹುಟ್ಸುತ್ತೆ" ಅಂತ. ಹುಟ್ಸಲಿ ಸ್ವಾಮಿ. ಫಾರ್ಮ್ಯಾಟ್ ಅನ್ನೋ ಮಾತಿಗೆ ಹುಟ್ಟದ ಭಯ ಇದಕ್ಕೆ ಹುಟ್ಟುತ್ತಾ? ಕೊನೇ ಸಾಲಿನ ಫೋಟೋ ತೆಗೆದು ಗೊತ್ತಿರೋರಿಗೆ ಕಳ್ಸಿದ್ರೆ ಅರ್ಧ ಕೆಲಸ ಆಯ್ತು. ಲೋಗೋ ನೋಡ್ಲೇಬೇಕು ಅಂದ್ರೆ ಲ್ಯಾಪ್‌ಟಾಪ್ ಮುಚ್ಚಳದ ಮೇಲೇ ಇದೆಯಲ್ಲ.

ಒಳಗೆ ಏನು ನಡೀತಿದೆ ಅಂತ ಹೊರಗಿಂದ ಊಹಿಸೋಕೆ ಆಗಲ್ಲ ರೀ. 2019ರ ಸೆಪ್ಟೆಂಬರ್‌ನಲ್ಲಿ, 5.3 ಕರ್ನಲ್ ಬಿಡುಗಡೆ ಹೊತ್ತಿಗೆ, ಎಕ್ಸ್ಟ್4ನಲ್ಲಿ (ಲಿನಕ್ಸ್ ಡಿಸ್ಕಲ್ಲಿ ಫೈಲ್ ಜೋಡಿಸಿಡೋ ವ್ಯವಸ್ಥೆ) ಡಿಸ್ಕ್ ಓದೋ ಕೆಲಸ ಕಡಿಮೆ ಮಾಡಿದ್ರು. ಒಳ್ಳೇದೇ. ಆದ್ರೆ ಡಿಸ್ಕ್ ಚಟುವಟಿಕೆ ಕಡಿಮೆ ಆಗಿ, ಕರ್ನಲ್‌ನ ರ‍್ಯಾಂಡಮ್ ಸಂಖ್ಯೆಗಳಿಗೆ ಬೇಕಾದ ಎಂಟ್ರೊಪಿ (ಊಹಿಸಲಾಗದ ಏರುಪೇರು) ಸಾಲದೆ, ಆ ಸಂಖ್ಯೆ ಕೇಳೋ 'ಗೆಟ್‌ರ‍್ಯಾಂಡಮ್' ಕಾಯ್ತಾ ಕೂತು ಕೆಲವು ಮಷೀನ್‌ಗಳಲ್ಲಿ ಬೂಟ್ ನಿಂತೇ ಹೋಯ್ತು. ಡಿಸ್ಕ್ ಚುರುಕಾಗಿದ್ದಕ್ಕೆ ಬೂಟ್ ನಿಲ್ಲುತ್ತೆ ಅಂತ ಯಾರ ಕನಸಲ್ಲಿತ್ತು? ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಆ ಒಳ್ಳೇ ಬದಲಾವಣೆಯನ್ನೇ ಸದ್ಯಕ್ಕೆ ವಾಪಸ್ ತಗೊಂಡ್ರು. ನಮ್ಮ ಅಂಗಡಿಯಾತನಿಗೆ ಕೊಟ್ಟಿದ್ರೆ ಅದೂ "ಓಎಸ್ ಹೋಗಿದೆ ಸಾರ್".

ನನಗೆ ಈ ವಿಷಯದಲ್ಲಿ ಸ್ವಲ್ಪ ಹುಚ್ಚು ಜಾಸ್ತಿನೇ, ನಿಮಗೆ ಗೊತ್ತು. ಬೋರ್ಡ್‌ಗೆ ಟಿಎಕ್ಸ್ (ಕಳಿಸೋದು), ಆರ್‌ಎಕ್ಸ್ (ಪಡೆಯೋದು), ಗ್ರೌಂಡ್ ತಂತಿ ಸಿಗಿಸಿ, ಸೆಕೆಂಡಿಗೆ 115200 ಬಿಟ್ ವೇಗಕ್ಕೆ ಸೀರಿಯಲ್ ಕನ್ಸೋಲ್ (ತಂತಿ ಮೇಲೆ ಬರೋ ಅಕ್ಷರ ತೋರಿಸೋ ಪರದೆ) ತೆಗೆದು, ಸತ್ತಂತಿದ್ದ ಬೋರ್ಡ್ ಮೊದಲ ಸಾಲು ಉಗುಳಿದಾಗ ಆಗೋ ಖುಷಿಯನ್ನ ಮನೇಲಿ ಹೇಳ್ಕೊಳ್ಳೋ ಹಾಗೂ ಇಲ್ಲ. ಮುಖ ಮುಖ ನೋಡ್ತಾರೆ.

ಊರಲ್ಲಿರೋರಿಗೆಲ್ಲ ಲಿನಕ್ಸ್ ಹಾಕಿ ಕೊಡೋ ಗೆಳೆಯರೇ, 'ಇಟಿಸಿ' ಒಳಗೆ 'ಡೀಫಾಲ್ಟ್', ಅದರೊಳಗೆ 'ಗ್ರಬ್' ಫೈಲ್. ಅದರಿಂದ 'ಕ್ವಯಟ್ ಸ್ಪ್ಲ್ಯಾಶ್' ಅಳಿಸಿ, 'ಅಪ್‌ಡೇಟ್-ಗ್ರಬ್' ಓಡಿಸಿ, ಆಮೇಲೆ ಮಷೀನ್ ಕೊಡಿ.