ಹುಲ್ಲು ಕೊಯ್ಯುವವಳು ಮತ್ತು ಅಕುಶಲ

ಕುಶವೆಂದರೆ ದರ್ಭೆ, ಅದನ್ನು ಕೈ ಕೊಯ್ದುಕೊಳ್ಳದೆ ಕಿತ್ತು ತರಬಲ್ಲವನೇ ಕುಶಲ ಎಂದು ಹಳೆಯ ಪಂಡಿತರು ಪದ ಬಿಡಿಸಿ ಹೇಳುತ್ತಾರೆ. ಅದೇ ಹುಲ್ಲಿನ ತುದಿಯ ಮೊನಚಿನಿಂದ ಕುಶಾಗ್ರಮತಿಯೂ ಹುಟ್ಟಿದ. ಹನ್ನೊಂದನೆಯ ಶತಮಾನದ ಕಾವ್ಯಮೀಮಾಂಸಕ ಮಮ್ಮಟನ ಹೊತ್ತಿಗೆ ಹುಲ್ಲು ಮರೆತುಹೋಗಿ ನಿಪುಣನೆಂಬ ಅರ್ಥವಷ್ಟೇ ಉಳಿದಿತ್ತು. 'ಕರ್ಮಣಿ ಕುಶಲಃ' (ಕೆಲಸದಲ್ಲಿ ನಿಪುಣ) ಎಂಬುದನ್ನು ಆತ ರೂಢಿಲಕ್ಷಣೆಗೆ, ಅಂದರೆ ಮೂಲಾರ್ಥ ಬಿಟ್ಟು ಬಳಕೆಯಿಂದ ನೆಲೆನಿಂತ ಅರ್ಥಕ್ಕೆ, ಉದಾಹರಣೆಯಾಗಿ ಕೊಟ್ಟಿದ್ದಾನೆ. ಪದವನ್ನು ಪೂರ್ತಿ ತಲೆಕೆಳಗು ಮಾಡುವ ಭಾಗ್ಯ ಮಾತ್ರ ನಮ್ಮ ಸರ್ಕಾರಗಳಿಗೇ ಮೀಸಲಾಗಿತ್ತು: ಇಂದು ಹುಲ್ಲು ಕೊಯ್ಯುವವಳೇ 'ಅಕುಶಲ'.

2019ರ ವೇತನ ಸಂಹಿತೆಯಲ್ಲಿ ಕಾರ್ಮಿಕರಿಗೆ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ನಾಲ್ಕು ಮೆಟ್ಟಿಲುಗಳಿವೆ. ಆದರೆ ವ್ಯಾಖ್ಯಾನದ ಸೊಗಸು ನೋಡಬೇಕಾದರೆ 2005ರ ಉದ್ಯೋಗ ಖಾತರಿ ಕಾಯ್ದೆಯನ್ನೇ ತೆರೆಯಬೇಕು. ಯಾವುದೇ ಕೌಶಲವಾಗಲಿ ವಿಶೇಷ ತರಬೇತಿಯಾಗಲಿ ಇಲ್ಲದೆ ಯಾವ ವಯಸ್ಕ ವ್ಯಕ್ತಿಯಾದರೂ ಮಾಡಬಲ್ಲ ದೈಹಿಕ ಕೆಲಸವೇ ಅಕುಶಲ ಕೆಲಸವೆಂದು ಅದು ಹೇಳಿತು. ಕಾಯ್ದೆಯ ಕರಡು ಬರೆದವರೂ ವಯಸ್ಕರೇ ಆಗಿದ್ದಿರಬೇಕು. ಅವರಲ್ಲೊಬ್ಬರು ಮೇ ತಿಂಗಳ ಬಿಸಿಲಿನಲ್ಲಿ ಕೆರೆಗಿಳಿದು, ತಲೆಯ ಮೇಲೆ ಸಿಂಬಿ ಇಟ್ಟು, ಒಂದು ಬಾಂಡ್ಲಿ ಹೂಳನ್ನು ಏರಿಯ ಮೇಲಕ್ಕೆ ಚೆಲ್ಲದಂತೆ ಹೊತ್ತು ತೋರಿಸಿದ್ದರೆ ಆ ವಾಕ್ಯಕ್ಕೆ ಪ್ರಾಯೋಗಿಕ ಆಧಾರವೂ ದೊರೆಯುತ್ತಿತ್ತು.

ಕನ್ನಡದ ಮೇಸ್ತ್ರಿಯನ್ನು ಕೇಳಿದರೆ ಹೊಸ ಆಳಿಗೆ 'ಇನ್ನೂ ಕೈ ಪಳಗಿಲ್ಲ' ಎನ್ನುತ್ತಾನೆ. ಪಳಗುವುದೆಂಬ ನಂಬಿಕೆ ಆ ಮಾತಿನೊಳಗೇ ಇದೆ. ಅಕುಶಲವೆಂಬ ಮುದ್ರೆಗೆ ಅಂಥ ದಾಕ್ಷಿಣ್ಯವಿಲ್ಲ. ನಲವತ್ತು ವರ್ಷ ನಾಟಿ ಹಾಕಿದ ಕೈಯೂ ಪಟ್ಟಿಯಲ್ಲಿ ಮೊದಲ ದಿನದ ಕೈಯೇ.

ಕಳೆದ ವರ್ಷ ಅಪ್ಪನ ಶ್ರಾದ್ಧದ ಬೆಳಿಗ್ಗೆ ದರ್ಭೆ ಸಾಲದೆ ಹೋದಾಗ, ಎರಡು ಪದವಿ ಪಡೆದು ಮೂವತ್ತು ವರ್ಷ ಮೇಜಿನ ಮುಂದೆ ಕುಳಿತ ಅತಿಕುಶಲನಾದ ನಾನೇ ಕತ್ತರಿ ಹಿಡಿದು ಕೆರೆಯ ಕಡೆ ಹೊರಟೆ. ಮೂರನೆಯ ಎಳೆಗೆ ಉಂಗುರ ಬೆರಳಿನಲ್ಲಿ ರಕ್ತ ಬಂತು. ಪಕ್ಕದಲ್ಲಿ ದನಕ್ಕೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಕುಡುಗೋಲು ನಿಲ್ಲಿಸದೆಯೇ, "ಬುಡ ಹಿಡ್ಕೊಂಡು ಕುಯ್ಕಳಿ ಸ್ವಾಮಿ, ಗರಿ ಮೇಲೆ ಕೈ ಎಳೀಬ್ಯಾಡಿ" ಎಂದಳು. ತರಬೇತಿ ಅಲ್ಲಿಗೆ ಮುಗಿಯಿತು. ಅದಕ್ಕೆ ಪ್ರಮಾಣಪತ್ರವಾಗಲಿ ಶುಲ್ಕವಾಗಲಿ ಇರಲಿಲ್ಲ. ನನ್ನ ಹಿಡಿ ದರ್ಭೆ ಸಿದ್ಧವಾಗುವಷ್ಟರಲ್ಲಿ ಆ ಅಕುಶಲ ಕಾರ್ಮಿಕಳು ಹೊರೆ ಕಟ್ಟಿ, ಒಬ್ಬಳೇ ತಲೆಗೇರಿಸಿಕೊಂಡು ಏರಿ ದಾಟಿದ್ದಳು.

ಪುರೋಹಿತರು ಬ್ಯಾಂಡೇಜಿನ ಮೇಲೆಯೇ ದರ್ಭೆಯ ಉಂಗುರವಾದ ಪವಿತ್ರ ತೊಡಿಸಿದರು. ಊಟಕ್ಕೆ ಬಂದ ನೆಂಟರೊಬ್ಬರು ಎಲೆಯ ಮುಂದೆ ಕುಳಿತು "ಕುಶಲವೇ?" ಎಂದು ವಿಚಾರಿಸಿದಾಗ, ಯಾವ ಅರ್ಥಕ್ಕೆ ಉತ್ತರ ಕೊಡಬೇಕೆಂದು ತಿಳಿಯದೆ ಬೆರಳು ತೋರಿಸಿದೆ.